ಲೆಕ್ಕಕ್ಕೆ ಒಂದು ಹೆಚ್ಚು

ಬನ್ನಿ, ಒಬ್ಬೊಬ್ಬರಾಗಿ. ನನ್ನ ಹೆಸರು ಉಸುನ್.
ಬಾರಮ್ ಹೊಳೆಯ ಮೇಲುದಂಡೆಯವಳು.
ಒಂಬತ್ತು ಜನ ಒಳಗೆ, ಒಂಬತ್ತು ಜನ ಹೊರಗೆ,
ನನ್ನ ಕೆಲಸ ಇಷ್ಟೇ; ಉಳಿದದ್ದೆಲ್ಲ ಮಾತು.
ಕೈಕಂಬಿ ಹಿಡಿಯಬೇಡಿ. ಹಿಡಿಯಲೆಂದೇ ಹಾಕಿದ್ದು, ನಿಜ,
ಆದರೆ ನಿಮಗಿಂತ ಮೊದಲೇ ಹಿಡಿದವರಿದ್ದಾರೆ:
ಎಲೆಯಲ್ಲ ಅದು, ಹಸಿರು ಮಂಡಲ.
ಮೂರು ದಿನದಿಂದ ಅಲ್ಲೇ ಇದೆ.
ಯಾರ ಗೊಡವೆಗೂ ಹೋಗಿಲ್ಲ. ನಾವೂ ಹೋಗುವುದು ಬೇಡ.

ಟೋಪಿ ಇದೆಯಾ? ಹಾಕಿಕೊಳ್ಳಿ.
ಮೇಲೆ ನೋಡುವಾಗ ಬಾಯಿ ಮುಚ್ಚಿಕೊಂಡು ನೋಡಿ;
ಬೆರಗಾದರೂ ಸರಿ, ಮುಚ್ಚಿಕೊಂಡೇ ಬೆರಗಾಗಿ.
ಇಪ್ಪತ್ತು ಲಕ್ಷ ಬಾವಲಿ ಅನ್ನುತ್ತಾರೆ ಎಣಿಸಿದವರು.
ನಾನು ಎಣಿಸಿಲ್ಲ. ನನಗೆ ಒಂಬತ್ತೇ ಸಾಕು.

ವಾಸನೆಯಾ? ಐದು ನಿಮಿಷ ತಾಳಿ,
ಮೂಗು ತಾನೇ ಸೋಲೊಪ್ಪುತ್ತದೆ.
ಅದು ಗುಡ್ಡವಲ್ಲ, ಹಿಕ್ಕೆ.
ನಮ್ಮಜ್ಜನ ಅಜ್ಜ ಹುಟ್ಟುವ ಮೊದಲಿಂದ ಬೀಳುತ್ತಿದೆ.
ದೀಪ ಹಾಯಿಸಿ. ನೆಲ ಕದಲುತ್ತಿದೆಯಲ್ಲ,
ಅದು ನೆಲವೂ ಅಲ್ಲ, ಜಿರಲೆ.
ಮೇಲಿನವರು ಉಂಡು ಬಿಟ್ಟದ್ದರಲ್ಲಿ ಕೆಳಗಿನವರ ಸಂಸಾರ;
ನಿಮ್ಮ ಊರಲ್ಲೂ ಹೀಗೇ ತಾನೆ?
ನಗಬಹುದು, ಜೋರಾಗಿ ಬೇಡ.
ಗೋಡೆಯಲ್ಲಿ ಮಿನುಗುವುದು ಹರಳಲ್ಲ, ಮೇಡಂ,
ಜೇಡನ ಕಣ್ಣು. ಅದೂ ನಿಮ್ಮನ್ನೇ ನೋಡುತ್ತಿದೆ.

ಟಕ ಟಕ ಟಕ, ಕೇಳಿಸಿತಾ? ಬಾನಾಡಿ.
ಕತ್ತಲಿಗೆ ಒಂದು ಪ್ರಶ್ನೆ ಎಸೆದು
ಬಂಡೆ ಕೊಟ್ಟ ಉತ್ತರ ಹಿಡಿದು ಹಾರುತ್ತದೆ.
ಎಂಜಲಿನಲ್ಲೇ ಗೂಡು ಕಟ್ಟುತ್ತದೆ.
ಆ ಎಂಜಲನ್ನು ಬೆಳ್ಳಿಯ ತೂಕಕ್ಕೆ ಕೊಂಡು
ಸಾರು ಮಾಡಿ ಕುಡಿಯುವ ಪಟ್ಟಣಗಳಿವೆ.

(ಇಲ್ಲಿ ಹೇಳದೆ ಬಿಡುತ್ತೇನೆ:
ಅಪ್ಪ ಲೆಜಾವ್, ಬೆತ್ತದ ಏಣಿ, ನೂರಿಪ್ಪತ್ತು ಅಡಿ,
ಹಲ್ಲಲ್ಲಿ ಕಚ್ಚಿದ ದೀಪ.
ಹೇಳಿದರೆ ಎಲ್ಲರೂ ಅವನನ್ನು ಬೀಳಿಸಿಬಿಡುತ್ತಾರೆ.
ಅವನು ಬೀಳಲಿಲ್ಲ. ಇಳಿದ. ಮುದುಕನಾದ.
ಹೋದ ವರ್ಷ ಸಕ್ಕರೆ ಕಾಯಿಲೆಗೆ ಹೋದ.
ಆ ಸಾರು ಹೇಗಿರುತ್ತದಪ್ಪಾ ಎಂದರೆ
'ಉಪ್ಪು ಕಮ್ಮಿ ಇರಬೇಕು' ಅನ್ನುತ್ತಿದ್ದ.)

ಈಗ ದೀಪ ಆರಿಸಿ. ಎಲ್ಲರೂ. ಒಂದು ನಿಮಿಷ.
ಸಾರ್, ಆ ಗಡಿಯಾರದ ಮೇಲೆ ತೋಳು ಎಳೆದುಕೊಳ್ಳಿ.

ಎಲ್ಲೋ ಒಂದು ಹನಿ.
ಬಹಳ ಹೊತ್ತಿನ ಮೇಲೆ ಇನ್ನೊಂದು.
'ಅಮ್ಮಾ, ನನ್ನ ಕಣ್ಣು ತೆರೆದಿದೆಯಾ?'
ತಾಯಿ ಉತ್ತರಿಸಲಿಲ್ಲ. ಬಹುಶಃ ಅವಳಿಗೂ ಗೊತ್ತಿರಲಿಲ್ಲ.
ಕತ್ತಲಲ್ಲಿ ನಾನು ಎಣಿಸುವುದು ಉಸಿರು:
ಗೊರಗೊರದವರು ಒಬ್ಬರು, ಹೆದರಿದವರು ಇಬ್ಬರು,
ಹೆದರಿಲ್ಲವೆಂದು ತೋರಿಸುವವರು ಐವರು, ಆ ಮಗು.
ಒಂಬತ್ತು.

ಸಂಜೆ ಹೊರಗೆ ಬೆಂಚಿನ ಮೇಲೆ ಕೂರಿಸಿದೆ.
ಬಾವಲಿಗಳು ಹೊಗೆಯ ಹಾಗೆ ಸುರುಳಿ ಬಿಚ್ಚಿ ಹೊರಡುವ ಹೊತ್ತು.
ಮಳೆ ಬಂತು. ಬಾವಲಿ ಬರಲಿಲ್ಲ.
ಕ್ಯಾಮೆರಾಗಳು ಕೊಡೆಯಡಿ ಮುದುಡಿದವು.
'ದುಡ್ಡು ವಾಪಸ್ಸು ಕೊಡುತ್ತೀರಾ?' ಎಂದರು ಗಡಿಯಾರದವರು.
ಬಾವಲಿಗಳಿಗೆ ನಾವು ರಸೀದಿ ಬರೆಸಿಕೊಂಡಿಲ್ಲ, ಸಾರ್.
ಅಗೋ ಒಣಮರದ ತುದಿಯಲ್ಲಿ ಗಿಡುಗ.
ನಿಮಗೆ ತಪ್ಪಿದ್ದು ಒಂದು ಚಿತ್ರ,
ಅದಕ್ಕೆ ಇವತ್ತಿನ ಊಟ.
ಮೈ ಕೊಡವಿ, ಇನ್ನೂ ಕೂತಿದೆ ನೋಡಿ.

ಮನೆಗೆ ಬಂದು ಬೂಟು ಬಿಚ್ಚಿ
ಷರಾಯಿಯ ಮಡಿಕೆ ಕೊಡವಿದರೆ
ಟಪ್ಪನೆ ಬಿತ್ತು ಒಂದು ಬಿಳಿಚಿದ ಗವಿಮಿಡತೆ.
ರೆಕ್ಕೆಯಿಲ್ಲ, ಹಾಡಿಲ್ಲ,
ಮೈಗಿಂತ ಮೂರು ಪಾಲು ಮೀಸೆ.
ಅಡುಗೆಮನೆಯ ಬಲ್ಬಿನಡಿ
ಟಿಕೇಟಿಲ್ಲದೆ ಸಿಕ್ಕಿಬಿದ್ದವರ ಹಾಗೆ ನಿಂತಿತು.
ಒಂಬತ್ತು ಹೋಗಿ ಒಂಬತ್ತು ಬಂದದ್ದು ಸರಿ;
ಇದನ್ನು ಯಾವ ಸಾಲಿನಲ್ಲಿ ಬರೆಯಲಿ?

ಗಟ್ಟಿಹಾಲಿನ ಖಾಲಿ ಡಬ್ಬ ತೊಳೆದು
ಒದ್ದೆ ಬಟ್ಟೆ ಹಾಸಿ, ಮುಚ್ಚಿಟ್ಟೆ.
ಇರುಳೆಲ್ಲ ತಗಡನ್ನು ತಡವುತ್ತಿತ್ತು, ಸುತ್ತ, ಮತ್ತೆ ಸುತ್ತ,
ಇಷ್ಟು ಬೇಗ ಮುಗಿಯುವ ಗವಿ ಅದಕ್ಕೆ ಹೊಸತು.
ನನಗೂ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಎಂಟಕ್ಕೆ ಮೊದಲ ತಂಡ. ಪಟ್ಟಿಯಲ್ಲಿ ಏಳು ಹೆಸರು.
ಹೆಗಲ ಚೀಲದಲ್ಲಿ ಡಬ್ಬ.
ಬನ್ನಿ, ಒಬ್ಬೊಬ್ಬರಾಗಿ. ಕೈಕಂಬಿ ಹಿಡಿಯಬೇಡಿ.
ಎಲೆಯಲ್ಲ ಅದು.
ನಾಲ್ಕು ದಿನದಿಂದ ಅಲ್ಲೇ ಇದೆ.